ಕಾಗೆ ಮುಟ್ಟಿದ ಕಾಗದ

ದೀಪಾವಳಿ ಬಂತೆಂದರೆ ಬೇಲೂರಿನ ಅಂಚೆ ಕಚೇರಿಗೆ ಗ್ರಹಚಾರ ಬಂತೆಂದೇ ಲೆಕ್ಕ. ಅದರಲ್ಲೂ ಅದು ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಅರಸೀಕೆರೆಯಿಂದ ಟಪಾಲು ಚೀಲ ಹೊತ್ತು ಹೊರಟು, ಹಳೇಬೀಡಿನ ಹತ್ತಿರ ಉಬ್ಬಸದ ಮುದುಕನಂತೆ ಕೂತುಬಿಡುತ್ತಿತ್ತು. ಕೂತರೆ ಕೂತಿತು. ನಾಲ್ಕಾರು ದಿನದ ಕಾಗದವೆಲ್ಲ ಒಟ್ಟಿಗೇ ಬಂದು ಬೀಳುತ್ತಿತ್ತು. ಇದನ್ನೆಲ್ಲ ಹಬ್ಬದ ಜನಕ್ಕೆ ತಿಳಿಸಿ ಹೇಳಿ ಬಾಯಿ ನೋಯಿಸಿಕೊಳ್ಳುವವರು ಯಾರು?

ಆ ದಿನ ಕಿಟಕಿಯ ಮುಂದೆ ತಲೆಯ ಮೇಲೆ ತಲೆ. ಗೆಂಡೆಹಳ್ಳಿಯ ಗಿಡ್ಡಮ್ಮ ಬಟ್ಟೆಯಲ್ಲಿ ಹೊಲಿದ ಗಂಟೊಂದನ್ನು ಪೋಸ್ಟ್‌ಮಾಸ್ಟರ್ ಅನಂತಸ್ವಾಮಿಯ ಮುಂದೆ ಕುಕ್ಕಿದಳು.

"ಒಳಗೇನಿದೆಯಮ್ಮಾ?"

"ಅದ್ಯಾಕೆ ಸ್ವಾಮಿ ನಿಮಗೆ? ಅಳಿಯನ ಮನೆಗೆ ಕಳಿಸ್ತಿರೋದು. ಇಷ್ಟು ಜನದ ಮುಂದೆ ಬಾಯ್ಬಿಟ್ರೆ ದೃಷ್ಟಿ ಆಗಾಕಿಲ್ವಾ?"

"ಬರೆದುಕೊಳ್ಳಬೇಕಮ್ಮ, ಕಾನೂನು."

"ಹಂಗಾರೆ ಏನೋ ಒಂದು ಐತೆ ಅಂತ ಬರ್ಕಳಿ."

ಅಷ್ಟರಲ್ಲಿ ಗಂಟಿಗೆ ಇರುವೆ ಸಾಲು ಹತ್ತಿತ್ತು. ಹಿಂದೆ ನಿಂತಿದ್ದವನೊಬ್ಬ ಮೂಗರಳಿಸಿ "ಕಜ್ಜಾಯ!" ಎಂದೇಬಿಟ್ಟ. ಅಯ್ಯೋ, ಕಣ್ಣು ಬಿತ್ತಲ್ಲಪ್ಪ ಎಂದು ಗಿಡ್ಡಮ್ಮ ಎದೆ ಬಡಿದುಕೊಂಡು, ಅಲ್ಲೇ ಹೊಲಿಗೆ ಕಿತ್ತು, ಕಣ್ಣು ಹಾಕಿದವರಿಗೆಲ್ಲ ಒಂದೊಂದು ಕಜ್ಜಾಯ ಹಂಚಿದಳು. ತಿಂದರೆ ದೃಷ್ಟಿ ಕಳೆಯುತ್ತದಲ್ಲ! ಅನಂತಸ್ವಾಮಿಗೂ ಒಂದು ಸಿಕ್ಕಿತು. ಉಳಿದದ್ದು ಅರ್ಧ ಗಂಟು. "ಈಗ ಅರ್ಧ ದುಡ್ಡು ತಕ್ಕಳಿ" ಎಂದು ಅವಳು ಜಗಳಕ್ಕೆ ನಿಂತಳು.

ಅದು ಮುಗಿಯುವ ಮೊದಲೇ ಬಂದವರು ದೇವಸ್ಥಾನದ ಕೈಂಕರ್ಯದ ಗೋಪಾಲಸ್ವಾಮಿಗಳು. ಮಗಳ ಮದುವೆ ನಿಶ್ಚಯದ ಕಾಗದಕ್ಕೆ ಎಂಜಲು ಹಚ್ಚಿ ಸ್ಟಾಂಪು ಅಂಟಿಸುವುದು ಉಂಟೇ? ಮನೆಯಿಂದಲೇ ಪಂಚಪಾತ್ರೆಯಲ್ಲಿ ನೀರು ತಂದಿದ್ದರು. ಅವರು ಉದ್ಧರಣೆಯಲ್ಲಿ ನೀರೆತ್ತಿದ್ದೇ ತಡ, ಸುತ್ತ ನಿಂತಿದ್ದ ಜನ ಭಕ್ತಿಯಿಂದ ಬಲಗೈ ಗುಳಿ ಮಾಡಿ ಒಡ್ಡಿದರು. ಒಬ್ಬಳು ಕುಡಿದು ಕಣ್ಣಿಗೂ ಒತ್ತಿಕೊಂಡಳು. "ತೀರ್ಥವಲ್ಲ ಕಣ್ರೋ, ಸ್ಟಾಂಪಿನ ನೀರು!" ಎಂದು ಅವರು ಕೂಗಿಕೊಂಡರೂ ಕೇಳುವವರಿಲ್ಲ. ಕಚೇರಿಗೆ ಕಚೇರಿಯೇ ನಕ್ಕಿತು.

ಹಿಂದಿನ ಕೋಣೆಯಲ್ಲಿ ಕಾಗದ ವಿಂಗಡಿಸುತ್ತಿದ್ದ ಪೋಸ್ಟ್‌ಮ್ಯಾನ್ ಧರ್ಮಪ್ಪ ಮಾತ್ರ ನಗಲಿಲ್ಲ. ಅವನ ಕೈಯಲ್ಲಿ ಮೂಲೆ ಹರಿದ ಕಾರ್ಡೊಂದಿತ್ತು. ಮೂಲೆ ಹರಿದಿದ್ದರೆ ಸಾವಿನ ಸುದ್ದಿ; ಓದು ಬಾರದವರಿಗೂ ಅದು ಗೊತ್ತು. ಅಂಥದ್ದನ್ನು ಹೊಸಿಲು ದಾಟಿಸುವುದಿಲ್ಲ. ಅಂಗಳದಲ್ಲೇ ಓದಿಸಿ, ಹರಿದು ಹಾಕಿ, ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಈ ಕಾರ್ಡು ವಸಂತಮ್ಮನಿಗೆ ಬಂದದ್ದು. ತಾಲ್ಲೂಕು ಕಚೇರಿಯ ಜವಾನ ರಾಮಣ್ಣನ ಹೆಂಡತಿ, ಚೊಚ್ಚಲ ಬಸುರಿ. "ನಿನ್ನ ತಾಯಿ ಕೆಂಪಲಕ್ಷ್ಮಮ್ಮನವರು ದೈವಾಧೀನರಾದರು" ಎಂದು ಕಣಕಟ್ಟೆಯಿಂದ ಅವಳ ಸೋದರಮಾವ ಕೆಂಚಯ್ಯ ಬರೆಸಿದ್ದ.

ಅದರ ಕೆಳಗೇ ಇನ್ನೊಂದು ಕಾರ್ಡು. ಅದೇ ಊರು, ಅದೇ ಕೈಬರಹ, ಆದರೆ ಮೂಲೆಗೆ ಅರಿಶಿನ. "ಅವ್ವ ಗಟ್ಟಿಯಾಗಿದ್ದಾಳೆ. ಕಾಗೆ ತಲೆಗೆ ಬಡಿದಿತ್ತು, ಅದಕ್ಕೆ ಹಾಗೆ ಬರೆಸಿದ್ದು. ಅತ್ತದ್ದು ಸಾಕು. ಹಬ್ಬ ಕಳೆದ ಮೇಲೆ ಬಾಣಂತನಕ್ಕೆ ಕರೆದುಕೊಂಡು ಹೋಗಲು ಅವಳೇ ಬರುತ್ತಾಳೆ."

ಧರ್ಮಪ್ಪ ಉಸಿರುಬಿಟ್ಟ. ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರವೆಂದು ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಸತ್ತರೆಂದು ಸುಳ್ಳು ಸುದ್ದಿ ಕಳಿಸಬೇಕು, ಕರುಳಿನ ಸಂಬಂಧದವರು ನಿಜವೆಂದೇ ನಂಬಿ ಅಳಬೇಕು. ಆ ಕಣ್ಣೀರಿನಲ್ಲಿ ದೋಷ ತೊಳೆದುಹೋಗುತ್ತದೆ. ಆಮೇಲೆ ನಿಜ ತಿಳಿಸುವುದು. ಬಸ್ಸಿನ ದೆಸೆಯಿಂದ ಸಾವು ಬದುಕು ಎರಡೂ ಒಂದೇ ಚೀಲದಲ್ಲಿ ಬಂದಿದ್ದವು.

ಕೊಡಬೇಕಾದದ್ದು ಎರಡನ್ನೂ. ಆದರೆ ಹಿಂದಿನ ವರ್ಷ ಅವನು ಇಂಥದೇ ಕಾರ್ಡು ಕೊಟ್ಟಾಗ ಬಸುರಿ ಹೆಂಗಸೊಬ್ಬಳು ಅಂಗಳದಲ್ಲೇ ಬಿದ್ದು, ಹೊಟ್ಟೆಯಲ್ಲಿದ್ದದ್ದು ಉಳಿದಿರಲಿಲ್ಲ. ಅವಳು ಬಿದ್ದ ಸದ್ದು ಇನ್ನೂ ಅವನ ಕಿವಿಯಲ್ಲಿತ್ತು. ಹಾಳು ಕಾಗೆಗೋಸ್ಕರ ಈ ಹುಡುಗಿಯನ್ನೂ ಬೀಳಿಸುವುದೇ? ಮೂಲೆ ಹರಿದ ಕಾರ್ಡನ್ನು ಅವನು ಖಾಕಿ ಕೋಟಿನ ಒಳಜೇಬಿಗೆ ತುರುಕಿದ. ಒಳ್ಳೆಯದಕ್ಕೇ ಮಾಡಿದ, ಪಾಪ.

ಅರಿಶಿನದ ಕಾರ್ಡನ್ನು ವಸಂತಮ್ಮ ಅಕ್ಷರ ಕೂಡಿಸಿ ಓದಿದಳು. ಮೊದಲು ಕಣ್ಣು ಕಣ್ಣು ಬಿಟ್ಟಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಮ್ಮವ್ವ ಸಾಯೋಕೆ ಮುಂಚೇನೇ ಬದುಕವಳೆ ನೋಡು ಧರ್ಮಣ್ಣ! ಸತ್ತಿರೋ ಕಾಗದ ಎಲ್ಲಿ?"

"ಬಸ್ಸು ಹಳೇಬೀಡಲ್ಲಿ ಕೆಟ್ಟು ನಿಂತೈತೆ ಕಣವ್ವ. ಹಿಂದಿನ ಚೀಲದಲ್ಲಿ ಬತ್ತದೇನೋ."

"ಬಂದ್ರೆ ತಾನೆ ಏನು? ಗೊತ್ತಾಗ್ಹೋದ ಮ್ಯಾಲೆ ಅಳು ಎಲ್ಲಿಂದ ತರಲಿ?"

ಅವಳು ನಗುತ್ತಲೇ ಹೇಳಿದಳು. ಧರ್ಮಪ್ಪ ಮಾತ್ರ ಕೋಟಿನ ಜೇಬು ಮುಟ್ಟಿ ನೋಡಿಕೊಂಡ. ಅಳಬೇಕಾದವಳು ಅಳಲಿಲ್ಲವಲ್ಲ! ಥೂ, ಕಾಗೆ ಕೂತರೆ ಜನ ಸಾಯುತ್ತಾರೆಯೇ ಎಂದು ತನಗೆ ತಾನೇ ಬೈದುಕೊಂಡು ಮುಂದಿನ ಮನೆಗೆ ನಡೆದ.

ಆ ಕಾರ್ಡು ಆಮೇಲೆ ಅವನನ್ನು ಬಿಡಲಿಲ್ಲ. ಮನೆಯೊಳಕ್ಕೆ ತರುವಂತಿಲ್ಲ, ಮೈಲಿಗೆ. ಕೋಟನ್ನು ಹೊರಗೆ ಜಗಲಿಯ ಗೂಟಕ್ಕೆ ನೇತುಹಾಕತೊಡಗಿದ. ಸುಟ್ಟುಬಿಡೋಣವೆಂದರೆ, ಕಂಡರಿಯದ ಹೆಂಗಸಿಗೆ ಕೊಳ್ಳಿಯಿಟ್ಟಂತಾದೀತೆಂದು ಕೈ ಏಳಲಿಲ್ಲ. ಹರಿದುಹಾಕೋಣವೆಂದರೆ, ಅತ್ತವರು ಹರಿಯಬೇಕಾದ ಕಾಗದವನ್ನು ತಾನು ಹೇಗೆ ಹರಿಯುವುದು? ಅಂಗಳ ಸಾರಿಸುವ ಹೆಂಗಸರು ಅವನ ಕೋಟನ್ನು ಸುಮ್ಮನೆ ನೋಡಿದರೂ ಅವನಿಗೆ ಬೆವರುತ್ತಿತ್ತು.

ನೀರು ತುಂಬುವ ಹಬ್ಬದ ದಿನ ಕಿಟಕಿಯ ನೂಕುನುಗ್ಗಲಿನಲ್ಲಿ ಯಾರೋ ಅವನ ತೋಳು ಹಿಡಿದರು. ತೆಳ್ಳಗಿನ ಮುದುಕಿ, ತಲೆ ತುಂಬ ಸೆರಗು. ತಲೆಗೆ ಸ್ನಾನ ಮಾಡಿದವಳಂತೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನನ್ನ ಕಾಗ್ದ ಕೊಟ್ಟಾ ಮಗ?"

ಎಲ್ಲರೂ ಕೇಳುವ ಮಾತು ತಾನೆ! ಮುಖ ನೋಡದೆಯೇ "ಕೊಟ್ಟೆ ಕಣವ್ವ, ಕೊಟ್ಟೆ" ಎಂದ.

"ಅತ್ತಳಾ?"

ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಗಿಡ್ಡಮ್ಮ ನಿಂತಿದ್ದಳು, ತನ್ನ ಗಂಟು ತಲುಪಿತೇ ಎಂದು ವಿಚಾರಿಸಲು ಬಂದವಳು. ತೋಳಿನ ಮೇಲೆ ಒದ್ದೆಯಾಗಿತ್ತು. "ಈಗ ಇಲ್ಲಿದ್ದ ಅಜ್ಜಿ ಯಾರು ಸ್ವಾಮಿ?" ಎಂದು ಧರ್ಮಪ್ಪ ಕೇಳಿದ್ದಕ್ಕೆ ಅನಂತಸ್ವಾಮಿ ರೇಗಿದರು. "ನನಗೆ ಕಾಣುವುದು ಬರೀ ಕೈಗಳಪ್ಪ, ಮುಖ ಯಾರಿಗೆ ಕಾಣುತ್ತೆ! ಹೋಗು, ಹೊತ್ತಾಯ್ತು."

ಹಬ್ಬ ಕಳೆಯಿತು. ಬಾಣಂತನಕ್ಕೆ ಕರೆದೊಯ್ಯಲು ತಾಯಿ ಬರಲಿಲ್ಲ. ಬಂದದ್ದು ಮೂಲೆ ಹರಿದ ಇನ್ನೊಂದು ಕಾರ್ಡು. "ನಿನ್ನ ತಾಯಿ ಕೆಂಪಲಕ್ಷ್ಮಮ್ಮನವರು ದೈವಾಧೀನರಾದರು." ಅದೇ ಕೈ, ಅದೇ ಮಾತು.

ಇನ್ನೊಂದು ಕಾಗೆಯೇ? ದೇವರೇ, ಇನ್ನೊಂದು ಕಾಗೆಯೇ ಆಗಿರಲಪ್ಪ! ಧರ್ಮಪ್ಪ ಇಡೀ ಚೀಲವನ್ನು ನೆಲಕ್ಕೆ ಸುರಿದು ಅರಿಶಿನದ ಕಾರ್ಡಿಗಾಗಿ ಹುಡುಕಿದ. ಚೀಲವನ್ನು ಒಳಹೊರಗು ಮಾಡಿ ಕೊಡವಿದ. ಇರಲಿಲ್ಲ. ಮಾರನೆಯ ದಿನದ ಚೀಲಕ್ಕಾಗಿ ಬಸ್ಸು ನಿಲ್ಲುವಲ್ಲಿಗೇ ಹೋಗಿ ಕಾದ. ಅದರಲ್ಲೂ ಇರಲಿಲ್ಲ. ಬಸ್ಸಿನ ಕಂಡಕ್ಟರ್ ಅಣ್ಣಯ್ಯ ಕಣಕಟ್ಟೆಯವನೇ. ಅವನನ್ನು ಕೇಳಿದ.

"ಕೆಂಪಲಕ್ಷ್ಮಮ್ಮಾರಾ? ನೀರು ತುಂಬೋ ಹಬ್ಬದ ಹಿಂದಿನ ದಿವಸ ಜ್ವರ ಬಂದು ಮಲಗಿದೋರು ಬೆಳಿಗ್ಗೆ ಮ್ಯಾಲಕ್ಕೆ ಏಳಲೇ ಇಲ್ಲ ಕಣ್ಲಾ. ತ್ವಾಟದಲ್ಲೇ ಮಣ್ಣು ಮಾಡಿದ್ರು. ಬಸುರಿ ಮಗಳು ಇನ್ನೂ ಬಂದಿಲ್ಲ ಅಂತ ಕೆಂಚಯ್ಯ ಹಾದಿ ಕಾಯ್ತಾವ್ನೆ."

ಹೊಸ ಕಾರ್ಡು ಹಿಡಿದು ಧರ್ಮಪ್ಪ ರಾಮಣ್ಣನ ಮನೆಯ ಅಂಗಳಕ್ಕೆ ಬಂದ. ವಸಂತಮ್ಮ ಪಕ್ಕದ ಮನೆಯ ಲಲಿತಮ್ಮನ ಜೊತೆ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಮೂಲೆ ಹರಿದ ಕಾರ್ಡು ಕಂಡದ್ದೇ ತಡ, ಕಿಲಕಿಲ ನಕ್ಕಳು.

"ಬಂತಾ ನಿನ್ ಹಳೇಬೀಡಿನ ಬಸ್ಸು? ಅಕ್ಕಾ, ಹೇಳಿದ್ನಲ್ಲ, ಇದೇ ಆ ಕಾಗೆ ಕಾಗದ!"

"ಅಲ್ಲ ತಾಯಿ, ಇದು..."

"ಇರು ಇರು, ಪಾಪ, ಅವ್ವ ಆಸೆಪಟ್ಟು ಬರೆಸವಳೆ. ಅತ್ತುಬಿಡ್ತೀನಿ." ಅವಳು ಸೆರಗನ್ನು ಕಣ್ಣಿಗೆ ಹಿಡಿದು, "ಅಯ್ಯೋ ನನ್ನವ್ವಾ, ನನ್ನ ಬಿಟ್ಟು ಹೋದ್ಯಾ" ಎಂದು ರಾಗ ಎಳೆದಳು. ಲಲಿತಮ್ಮ ನಕ್ಕೂ ನಕ್ಕೂ ಮೊರ ಚೆಲ್ಲಿದಳು. ಧರ್ಮಪ್ಪ ಕಾರ್ಡನ್ನು ಅವಳ ಮುಂದೆ ನೆಲದ ಮೇಲಿಟ್ಟ.

"ನಿಜವಾಗ್ಲೂ ಹೋಗ್ಬಿಟ್ರು ಕಣವ್ವ."

"ಹೋಗಣ್ಣ, ಬದುಕಿರೋ ಕಾಗದ ಒಳಗೆ ದೇವರ ಗೂಡಿನಲ್ಲೈತೆ. ಯಾರಿಗೆ ಹೇಳ್ತೀಯ?"

ಇನ್ನು ದಾರಿಯಿರಲಿಲ್ಲ. ಸುಮ್ಮನಿದ್ದರೆ ಹೆತ್ತ ತಾಯಿಯ ತಿಥಿಗೂ ಈ ಹುಡುಗಿ ನಗುತ್ತಲೇ ಇಲ್ಲಿ ಕೂತಿರುತ್ತಾಳೆ. ಧರ್ಮಪ್ಪ ಒಳಜೇಬಿಗೆ ಕೈಹಾಕಿದ. ಬೆವರಿನಲ್ಲಿ ನೆನೆದು ಮೆತ್ತಗಾಗಿದ್ದ ಕಾರ್ಡನ್ನು ತೆಗೆದು, ಹೊಸದರ ಪಕ್ಕ ನೆಲದ ಮೇಲಿಟ್ಟ.

"ಕಾಗೆ ಕಾಗದ ಇದು. ಅದು ಬೇರೆ."

ವಸಂತಮ್ಮ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಮೆತ್ತಗಾದ ಕಾರ್ಡನ್ನು ಕೈಗೆತ್ತಿಕೊಂಡಳು.

"ಇದು ಯಾವಾಗ ಬಂದಿತ್ತು?"

"ಅರಿಶಿನದ ಕಾಗದದ ಜೊತೇಲೇ ಬಂತು ತಾಯಿ."

"ನಿನ್ನತ್ರಾನೇ ಇತ್ತಾ?"

"ಇತ್ತು. ಬಸುರಿ ಹೆಂಗಸು, ಹಬ್ಬದ ದಿವಸ ಅಳೋದು ಬ್ಯಾಡ ಅಂತ..."

ಅವಳು ಬೈಯಲಿಲ್ಲ. ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಒಂದು ಗಳಿಗೆ ಅತ್ತಿದ್ರೆ ಸಾಕಾಗಿತ್ತು ಧರ್ಮಣ್ಣ," ಎಂದಳು. "ನಮ್ಮವ್ವ ಇನ್ನೇನೂ ಕೇಳಿರ್ಲಿಲ್ಲ."

ಸತ್ತದ್ದು ಜ್ವರದಿಂದ, ಕಾಗೆಯಿಂದಲ್ಲ ಎಂಬ ಮಾತು ಅವನ ನಾಲಗೆಯ ತುದಿಗೆ ಬಂದು ಅಲ್ಲೇ ಸತ್ತಿತು. ಅವನಿಗೇ ಅದರಲ್ಲಿ ನಂಬಿಕೆಯಿರಲಿಲ್ಲ. ಲಲಿತಮ್ಮ ಬಂದು ಅವಳ ಭುಜ ಹಿಡಿದುಕೊಂಡಳು. ವಸಂತಮ್ಮ ಎರಡು ಕಾರ್ಡುಗಳನ್ನೂ ಎದೆಗವಚಿಕೊಂಡು, ಚೆಲ್ಲಿದ ಅವರೆಕಾಯಿಯ ನಡುವೆ ಕುಸಿದು, ಬೀದಿಗೆಲ್ಲ ಕೇಳುವಂತೆ ಅಳತೊಡಗಿದಳು. ಇಷ್ಟು ದಿನ ಧರ್ಮಪ್ಪ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದು ಈ ಅಳುವನ್ನೇ.