ಅಂಬುಜಾಳ ಪೌಡರು ಡಬ್ಬಿ

'ಟಪ್' ಎಂದಿತು.

ಎಲ್ಲರೂ ಮಲಗಿದ ಹೊತ್ತು. ರಾಜಾಜಿನಗರ ಆಗಿನ್ನೂ ಅರೆಬರೆ ಕಟ್ಟಿದ ಬಡಾವಣೆ. ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ರಾತ್ರಿ ನರಿ ಊಳಿಟ್ಟರೂ ಮಗ್ಗುಲು ಬದಲಿಸದ ಸತ್ಯವತಿ ಆ ಸಣ್ಣ ಸದ್ದಿಗೆ ಎದ್ದು ಕುಳಿತಳು. ಸದ್ದು ನಡುಮನೆಯಿಂದ ಬಂದದ್ದು. ಅಲ್ಲಿ ಮಲಗುವವಳು ಗಂಡನ ತಂಗಿ ಅಂಬುಜಾ. ಸದ್ದಿನ ಗುರುತೂ ಹತ್ತಿತು: ಅದು ಸತ್ಯವತಿಯದೇ ಪೌಡರು ಡಬ್ಬಿಯ ಮುಚ್ಚಳ. ತಳದಲ್ಲಿ ಚೂರೇ ಚೂರು ಉಳಿದಿದ್ದ ಆ ದುಂಡು ಡಬ್ಬಿ ಕಿಟಕಿಯ ಮೇಲಿನಿಂದ ಮಾಯವಾಗಿ ವಾರವಾಗಿತ್ತು.

ಅದಕ್ಕೆ ತುಸು ಮುಂಚೆ ಇನ್ನೊಂದು ಸದ್ದಾಗಿತ್ತು. ಹಿತ್ತಲ ಕೋಣೆಯ ಬಾಡಿಗೆಯವನು ಶ್ಯಾಮಸುಂದರ, ಬಿನ್ನಿಪೇಟೆಯ ಗಿರಣಿಯ ಗುಮಾಸ್ತ, ಪಾಳಿ ಮುಗಿಸಿ ಬಂದು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ್ದು. ಸ್ಟ್ಯಾಂಡಿನ ಲಟಕ್ಕು, ಅದರ ಬೆನ್ನಿಗೇ ಡಬ್ಬಿಯ ಟಪ್ಪು. ಎರಡನ್ನೂ ಕೂಡಿಸಿ ನೋಡಲು ಬಿ.ಎ. ಬೇಕಿರಲಿಲ್ಲ. ಸತ್ಯವತಿಗೆ ಅದೂ ಇತ್ತು.

ಅಂಬುಜಾಳ ಗಂಡ ತೀರಿಕೊಂಡು ವರ್ಷ ಕಳೆದಿತ್ತು. ಮಾಗಡಿ ಕಡೆಯ ಹಳ್ಳಿಯಿಂದ ಅವಳ ಮಾವ ಎರಡು ಸಲ ಬಂದು ಹೋಗಿದ್ದರು. "ಕಳಿಸಿಕೊಡಿ. ಕೂದಲು ತೆಗೆಸಿ ಮಡಿ ಹಿಡಿಸ್ತೀವಿ. ಅಡುಗೆಗೂ ಒಂದು ಜನ ಆಗತ್ತೆ" ಎಂದು ಅವರು ಹಸು ಕೇಳುವವರಂತೆ ಕೇಳಿದ್ದರು. ಸತ್ಯವತಿಯೇ ಅಡ್ಡ ನಿಂತವಳು. ಅತ್ತೆ ಕಲ್ಯಾಣಮ್ಮನೊಡನೆ ಜಗಳವಾಡದೆ, ಮಾತಿಗೆ ಮಾತು ತೂಗಿ, ಒಂದು ಒಪ್ಪಂದಕ್ಕೆ ಬಂದಿದ್ದಳು. ಅಂಬುಜಾಳ ಕೂದಲು ಉಳಿಯಬೇಕು. ಅದಕ್ಕೆ ಬದಲಾಗಿ ಉಳಿದ ನೇಮವೆಲ್ಲ ನಡೆಯಬೇಕು. ಎಂದರೆ ಮಧ್ಯಾಹ್ನ ಒಂದೇ ಊಟ, ರಾತ್ರಿ ಅರ್ಧ ಲೋಟ ಹಾಲು, ಒಂದು ಬಾಳೆಹಣ್ಣು. ಇಷ್ಟು ಅಗ್ಗವಾಗಿ ಗೆದ್ದೆನೆಂದು ಸತ್ಯವತಿಗೆ ಹೆಮ್ಮೆಯೇ ಇತ್ತು. ಈಗ ಉಪಾಧ್ಯಾಯಿನಿಯರ ತರಬೇತಿಗೆ ಹಾಸ್ಟೆಲಿನಲ್ಲಿ ಒಂದು ಸೀಟೂ ನೋಡಿದ್ದಳು. ಅದು ಸಿಕ್ಕರೆ ಅಂಬುಜಾ ಪಾರಾದಂತೆ. ಸಿಗದಿದ್ದರೆ ಮಾಗಡಿ ಬಸ್ಸು; ಕಲ್ಯಾಣಮ್ಮ ಕಾಯಲು ಒಪ್ಪಿದ್ದು ಅಲ್ಲಿಯವರೆಗೆ ಮಾತ್ರ.

ಬೆಳಿಗ್ಗೆ ಅಂಬುಜಾ ಹಾಸಿಗೆ ಸುತ್ತುತ್ತಿದ್ದಾಗ ಸತ್ಯವತಿ ಹತ್ತಿರ ಹೋಗಿ ನಿಂತಳು. ಹುಡುಗಿಯ ಗಲ್ಲದ ಮೇಲೆ ಬೆಳ್ಳನೆಯ ಪುಡಿ ಅಂಟಿತ್ತು.

"ಏನೇ ಅದು, ಗಲ್ಲದ ಮೇಲೆ?"

ಅಂಬುಜಾ ಸೆರಗಿನಿಂದ ಉಜ್ಜಿಕೊಂಡ ರಭಸಕ್ಕೆ ಗಲ್ಲ ಕೆಂಪಾಯಿತು. "ಏನಿಲ್ಲ ಅತ್ತಿಗೆ. ಗೋಡೆ ಸುಣ್ಣ ಇರಬೇಕು."

ನಡುಮನೆಯ ಗೋಡೆಗೆ ಸುಣ್ಣವಿರಲಿಲ್ಲ, ನೀಲಿ ಡಿಸ್ಟೆಂಪರು ಇತ್ತು. ಸತ್ಯವತಿ ಮುಂದೆ ಕೇಳಲಿಲ್ಲ. ಕೇಳಿದರೆ ಕೀಳಾಗುತ್ತೇನೆ ಎಂಬುದು ಅವಳ ನಂಬಿಕೆ. ಕೇಳದೆಯೇ ತಿಳಿದುಕೊಳ್ಳುವುದು ಅವಳ ಅಭ್ಯಾಸ.

ಹೊಸ ಕಾಲದ ಚಾಳಿಗಳಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಬೀದಿಯ ಹೆಂಗಸರು ಅವಳನ್ನೇ ಕೇಳುತ್ತಿದ್ದರು. ಕಾಫಿ ತಪ್ಪಲ್ಲ, ಹೋಟೆಲಿನ ಕಾಫಿ ತಪ್ಪು. ಸಿನಿಮಾ ತಪ್ಪಲ್ಲ, ಅದರ ಹಾಡನ್ನು ನಲ್ಲಿಯ ಹತ್ತಿರ ಗುನುಗುವುದು ತಪ್ಪು. ಪೌಡರೂ ಹಾಗೆಯೇ. ತಾನು ಹಗಲು ಹಚ್ಚಿಕೊಂಡರೆ ಶುಚಿ. ಗಂಡನಿಲ್ಲದವಳು ಕತ್ತಲಲ್ಲಿ ಹಚ್ಚಿಕೊಂಡರೆ?

ಆ ವಾರವೇ ಹಾಸ್ಟೆಲಿನ ಮೇಲ್ವಿಚಾರಕಿ ಕಮಲಾಕ್ಷಮ್ಮ ಮನೆಗೆ ಬಂದರು. ಕಾಲೇಜಿನಲ್ಲಿ ಸತ್ಯವತಿಗಿಂತ ಎರಡು ವರ್ಷ ಮುಂದಿದ್ದವರು. ಅಂಬುಜಾ ಕಾಫಿ ತಂದಿಟ್ಟು, ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಹೇಳಿ ಒಳಗೆ ಹೋದಳು.

"ಹುಡುಗಿ ಚುರುಕಾಗಿದಾಳೆ. ಇಷ್ಟೊಂದು ಬಡಕಲು ಯಾಕೆ?"

"ಅವಳ ಮೈಕಟ್ಟೇ ಹಾಗೆ" ಎಂದಳು ಸತ್ಯವತಿ.

"ಸರಿ. ನಡತೆ ಹೇಗೆ? ನೀನೊಂದು ಮಾತು ಹೇಳಿಬಿಡು ಸತ್ಯಾ, ಬೇರೆ ಯಾರನ್ನೂ ಕೇಳೋಲ್ಲ ನಾನು."

ಸತ್ಯವತಿ ಮಾತನ್ನು ಹುಡುಕಿದಳು. ಸುಳ್ಳೂ ಆಗಬಾರದು, ಚಾಡಿಯೂ ಆಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಒಳ್ಳೆಯವಳೇ. ಏನು, ವಯಸ್ಸು ಚಿಕ್ಕದು ನೋಡಿ... ರಾತ್ರಿ ಹೊತ್ತು ಸ್ವಲ್ಪ ಕಣ್ಣಿಟ್ಟಿರಬೇಕು, ಅಷ್ಟೆ."

ಕಮಲಾಕ್ಷಮ್ಮ ಲೋಟ ಕೆಳಗಿಟ್ಟರು. "ಅಷ್ಟೇ ಅಂತೀಯಲ್ಲ! ಹಾಸ್ಟೆಲ್ ತುಂಬ ಹುಡುಗೀರು ತಾಯಿ. ನನಗಿರೋದು ಎರಡೇ ಕಣ್ಣು."

ಹಾವು ಸತ್ತಿತ್ತು. ಕೋಲು ಮಾತ್ರ ಮುರಿಯಲಿಲ್ಲ.

ಸೀಟಿಲ್ಲವೆಂದು ತಿಳಿದ ದಿನ ಕಲ್ಯಾಣಮ್ಮ ಅಂಬುಜಾಳ ಮಾವನಿಗೆ ಹೇಳಿಕಳಿಸಿದರು. "ಸೀಟಂತೆ, ಸೀಟು! ಹಣೇಲಿ ಬರೆಯದ್ದು ಹಾಸ್ಟೆಲ್ನಲ್ಲಿ ಸಿಗತ್ಯೇ?" ಎಂದು ಸೊಸೆಯನ್ನು ಹಂಗಿಸಿದರು. ಅಂಬುಜಾ ಅಳಲಿಲ್ಲ. ಹೊರಡುವಾಗ ಅತ್ತಿಗೆಯ ಕಾಲಿಗೆ ಬಿದ್ದು, "ನೀವು ತುಂಬ ಪ್ರಯತ್ನ ಪಟ್ರಿ ಅತ್ತಿಗೆ" ಎಂದಳು. ಸತ್ಯವತಿ ಆ ಮಾತನ್ನು ತಲೆ ಬಾಗಿಸಿ ಸ್ವೀಕರಿಸಿದಳು. ಮಾವ ಮುಂದೆ, ಜಡೆ ಇಳಿಬಿಟ್ಟ ಹುಡುಗಿ ಹಿಂದೆ, ಮಾಗಡಿ ರಸ್ತೆಯ ಕಡೆಗೆ ನಡೆದರು. ಅಮಾವಾಸ್ಯೆ ಕಳೆದ ಮೇಲೆ ಕ್ಷೌರ ಎಂದು ಮಾತಾಗಿತ್ತು.

ಮಧ್ಯಾಹ್ನ ನಡುಮನೆ ಗುಡಿಸುವಾಗ, ಬಟ್ಟೆಯ ಗೂಟದ ಹಿಂದಿನ ಗೂಡಿನಲ್ಲಿ ಡಬ್ಬಿ ಸಿಕ್ಕಿತು. ಸತ್ಯವತಿ ಹೆಬ್ಬೆರಳಿನಿಂದ ಮುಚ್ಚಳ ಎಬ್ಬಿಸಿದಳು.

ಟಪ್.

ಒಳಗಿದ್ದದ್ದು ಹುರಿಗಡಲೆ ಹಿಟ್ಟು. ಮೂಸಿದಳು, ಅಡಿಯಲ್ಲಿ ಪೌಡರಿನ ವಾಸನೆ ಇನ್ನೂ ಇತ್ತು. ಆ ವಾಸನೆಯ ಸಮೇತ ಅಂಬುಜಾ ತಿನ್ನುತ್ತಿದ್ದಳು. ಕಾಳನ್ನೇ ಇಟ್ಟುಕೊಳ್ಳಬಹುದಿತ್ತು, ಆದರೆ ಕಾಳು ಅಗಿದರೆ ಕಟಕಟ ಎನ್ನುತ್ತದೆ. ಹಿಟ್ಟಿಗೆ ಸದ್ದಿಲ್ಲ. ಸದ್ದಿದ್ದದ್ದು ಮುಚ್ಚಳಕ್ಕೆ ಮಾತ್ರ, ಅದಕ್ಕೇ ಸೈಕಲ್ಲಿನ ಸ್ಟ್ಯಾಂಡಿಗಾಗಿ ಕಾಯುತ್ತಿದ್ದಳು. ಹೊಟ್ಟೆ ಹಸಿದುಕೊಂಡು, ಶ್ಯಾಮಸುಂದರ ಬರಲಿ ಎಂದು ಕಾಯುತ್ತಿದ್ದಳು.

"ಏನೇ ಅದು ಸದ್ದು?" ಅಡುಗೆಮನೆಯಿಂದ ಕಲ್ಯಾಣಮ್ಮ ಕೂಗಿದರು.

"ಏನಿಲ್ಲ ಅತ್ತೆ. ಖಾಲಿ ಡಬ್ಬಿ."

ಹಿಟ್ಟನ್ನು ಹಿತ್ತಲಲ್ಲಿ ಸುರಿದಳು. ಇರುವೆ ಬಂದವು.

ಸಂಜೆ ಗಂಡ ಗೋಪೀನಾಥ ಆಫೀಸಿನಿಂದ ಬಂದವನು ಕೋಟನ್ನೂ ಬಿಚ್ಚದೆ ಅವಳ ಹತ್ತಿರ ಬಂದ. "ಸತ್ಯಾ, ದಾರೀಲಿ ಕಮಲಾಕ್ಷಮ್ಮ ಸಿಕ್ಕಿದ್ರು. ಸೀಟು ಇನ್ನೂ ಯಾರಿಗೂ ಕೊಟ್ಟಿಲ್ವಂತೆ. 'ಸತ್ಯವತಿ ಖುದ್ದಾಗಿ ಬಂದು ಧೈರ್ಯ ಹೇಳಿದ್ರೆ ತಗೋತೀನಿ' ಅಂದ್ರು. ಏನು ಧೈರ್ಯ ಬೇಕೋ ಅವರಿಗೆ! ನಾಳೆ ಹೋಗಿ ಬಾರೇ. ನಾನು ಬೆಳಗಿನ ಬಸ್ಸಿಗೆ ಹೋಗಿ ಅಂಬುಜಾನ್ನ ಕರ್ಕೊಂಡು ಬರ್ತೀನಿ."

ಸತ್ಯವತಿ ಲೆಕ್ಕ ಹಾಕಿದಳು. ಹೋಗಬೇಕಾದರೆ ಕಮಲಾಕ್ಷಮ್ಮನಿಗೆ ಆವತ್ತಿನ ಮಾತಿನ ಅರ್ಥ ಬಿಡಿಸಬೇಕು. ಬಿಡಿಸಿದರೆ ಗಂಡನಿಗೂ ತಿಳಿಯುತ್ತದೆ. ಅತ್ತೆಗೆ ಡಬ್ಬಿ ತೋರಿಸಬೇಕು. ತೋರಿಸಿದರೆ, ಕೂದಲಿಗೆ ಹೊಟ್ಟೆಯನ್ನು ಅಡವಿಟ್ಟವಳು ಯಾರೆಂಬ ಮಾತು ಬರುತ್ತದೆ. ನಲ್ಲಿಯ ಹತ್ತಿರ ಹೆಂಗಸರು ನಾಳೆ ಯಾರನ್ನು ಏನು ಕೇಳಿಯಾರು?

"ಹೇಳೋದೆಲ್ಲ ಆವತ್ತೇ ಹೇಳಿದೀನಿ ರೀ" ಎಂದಳು. "ಮತ್ತೆ ಹೋಗಿ ಹಲ್ಲು ಗಿಂಜಿದ್ರೆ ಅಂಬುಜಾಗೇ ಅಗೌರವ. ಬಟ್ಟೆ ಬದಲಾಯಿಸಿ, ಕಾಫಿ ತರ್ತೀನಿ."

ಗೋಪೀನಾಥ ಕೋಟು ಬಿಚ್ಚಿದ.

ಒಲೆಯ ಮೇಲೆ ಹಾಲಿಟ್ಟು ಸತ್ಯವತಿ ಡಬ್ಬಿಯನ್ನು ಸೀಗೆಪುಡಿ ಹಾಕಿ ಉಜ್ಜಿದಳು. ಒರೆಸಿ, ತನ್ನ ಹೇರ್‌ಪಿನ್ನುಗಳನ್ನೆಲ್ಲ ಅದರೊಳಗೆ ತುಂಬಿ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿ, ಸದ್ದಾಗದಂತೆ ಮುಚ್ಚಳ ಒತ್ತಿದಳು.