ಗುರುತುಗಾರ್ತಿ

ಶರತ್ಕಾಲದಲ್ಲಿ ಬಹುಮಾನದ ಬಟ್ಟಲಿಗಾಗಿ ನಡೆಯುವ ಗಾಲ್ಫ್ ಪಂದ್ಯದ ದಿನ ಇನ್ನಿಸ್ ಮೊವಾಟನ ಜೊತೆ ಆಡಬೇಕಾದವನು ಬರಲೇ ಇಲ್ಲ. ಬೆನ್ನು ಹಿಡಿದುಕೊಂಡಿದೆಯಂತೆ. ಕಳೆದ ವಸಂತದಿಂದ ಇನ್ನಿಸನ ಜೋಡಿಯಾಗಿ ಹೆಸರು ಬಿದ್ದವರಿಗೆಲ್ಲ ಏನಾದರೊಂದು ನೋವು ಬರುತ್ತಲೇ ಇತ್ತು.

"ಗುರುತುಗಾರ ಇಲ್ದೆ ನಿಮ್ಮ ಲೆಕ್ಕ ನಡೆಯಲ್ಲ ಇನ್ನಿಸ್," ಎಂದ ಕಾರ್ಯದರ್ಶಿ ಫಾರ್ಕರ್, ಮುಖ ನೋಡದೆ. "ಹೊಡೆತ ಬರೆದು ಸಹಿ ಹಾಕೋರು ಒಬ್ರು ಬೇಕೇ ಬೇಕು."

ಕ್ಲಬ್ಬಿನ ಮೆಟ್ಟಿಲ ಮೇಲೆ ನಿಂತಿದ್ದವರು ಕಡಲಿನ ಕಡೆ ಮುಖ ತಿರುಗಿಸಿದರು. ಮದುವೆಯಾಗದ ಇನ್ನಿಸ್, ಮೀನು ದೋಣಿಗಳ ಎಂಜಿನ್ ರಿಪೇರಿಯಿಂದ ನಿವೃತ್ತನಾದ ಮೇಲೆ, ಈ ಮೆಟ್ಟಿಲನ್ನೇ ಮನೆಯ ಅಂಗಳದಂತೆ ಬಳಸಿದ್ದವನು. ಈಗ ಚೀಲವನ್ನು ಹೆಗಲಿಗೇರಿಸಿ ಹೊರಟುಬಿಡೋಣವೆಂದುಕೊಂಡ.

"ನಾನು ಬರ್ತೀನಿ," ಎಂದಳು ಹಿಂದಿನಿಂದ ಒಬ್ಬಳು.

ಯೂನಾ ಸಿಂಕ್ಲೇರ್. ಡೂಗಲನ ಹೆಂಡತಿ.

ವಸಂತದ ಪಂದ್ಯದಲ್ಲಿ ಇನ್ನಿಸ್ ಡೂಗಲನ ಗುರುತುಗಾರನಾಗಿದ್ದ. ಇಬ್ಬರೂ ಶಾಲೆಯಿಂದ ಗೆಳೆಯರು. ಮರಳುದಿಬ್ಬದ ಹಿಂದೆ, ಎತ್ತರದ ಹುಲ್ಲಿನಲ್ಲಿ, ಡೂಗಲ್ ಬೂಟಿನ ತುದಿಯಿಂದ ಚೆಂಡನ್ನು ಸರಿಸಿ ಸಮ ನೆಲಕ್ಕೆ ತಂದದ್ದು ಇನ್ನಿಸನಿಗೆ ಕಂಡಿತು. ಆಗ ಇನ್ನಿಸ್ ಬಾಯಿ ಬಿಡಲಿಲ್ಲ. ಆಟ ಮುಗಿದು, ಕ್ಲಬ್ಬಿನ ಹಾಲ್ ತುಂಬ ಜನ ಸೇರಿ, ಡೂಗಲ್ ಗೆದ್ದನೆಂದು ಬೆನ್ನು ತಟ್ಟುತ್ತಿದ್ದಾಗ, "ನಾನು ಸಹಿ ಹಾಕಲ್ಲ," ಎಂದ. ಯಾಕೆ ಎಂದು ಕೇಳಿದರು. ಹೇಳಿದ. ಊರಿಗೆಲ್ಲ ಮಾಂಸ ಮಾರುವ, ಎಲ್ಲರನ್ನೂ ನಗಿಸುವ ಡೂಗಲ್ ಅಂದು ತಲೆ ತಗ್ಗಿಸಿ ಹೊರಗೆ ಹೋದವನು ಮತ್ತೆ ಕ್ಲಬ್ಬಿಗೆ ಕಾಲಿಡಲಿಲ್ಲ.

ಯೂನಾ ಆಟವಿಡೀ ಮಾತಾಡಲಿಲ್ಲ, ಆದರೆ ನಡವಳಿಕೆಯಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅವನು ಕೋಲು ಎತ್ತಿದಾಗ ಕಣ್ಣಂಚಿಗೂ ಬೀಳದಂತೆ ದೂರ ಸರಿದು, ಗಾಳಿಗೆ ಪಟಪಟಿಸುವ ಕೋಟಿನ ಅಂಚನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಕುಳಿಯ ಬಳಿ ಅವನ ಚೆಂಡಿನ ದಾರಿಯನ್ನು ತುಳಿಯದೆ ಸುತ್ತಿ ಹೋಗುತ್ತಿದ್ದಳು. ತನ್ನ ನೆರಳು ಕುಳಿಯ ಮೇಲೆ ಬಿದ್ದದ್ದು ಕಂಡರೆ ತಾನೇ ಹಿಂದೆ ಸರಿಯುತ್ತಿದ್ದಳು. ಒಮ್ಮೆ ಇನ್ನಿಸ್, "ಗಾಳಿ ಜೋರಾಯ್ತು," ಎಂದ. ಅವಳು ಕಾರ್ಡಿನಲ್ಲಿ ಹೊಡೆತ ಬರೆದುಕೊಂಡಳು. ಒಬ್ಬನೇ ಆಡಿದ್ದರೆ ಇಷ್ಟು ಒಂಟಿ ಅನ್ನಿಸುತ್ತಿರಲಿಲ್ಲ ಎಂದುಕೊಂಡ.

ಅಷ್ಟಾದರೂ ಅವನ ಕೈ ಆ ದಿನ ಚೆನ್ನಾಗಿಯೇ ನಡೆಯಿತು. ಕೊನೆಯ ಕುಳಿಗೆ ಬರುವ ಹೊತ್ತಿಗೆ ಬಟ್ಟಲು ಕೈಗೆಟುಕುವಂತಿತ್ತು. ಆಗ ಅವನ ಚೆಂಡು ಗಾಳಿಗೆ ಸಿಕ್ಕಿ ಹಳದಿ ಹೂವಿನ ಮುಳ್ಳುಪೊದೆಗಳಾಚೆ ಬಿತ್ತು. ಹುಡುಕಲು ಮೂರೇ ನಿಮಿಷ; ಸಿಗದಿದ್ದರೆ ಒಂದು ಹೊಡೆತದ ದಂಡ ತೆತ್ತು ಹಿಂದಿನ ಜಾಗದಿಂದಲೇ ಮತ್ತೆ ಹೊಡೆಯಬೇಕು. ಇನ್ನಿಸ್ ಒಂದು ಕಡೆ ಬಗ್ಗಿ ಹುಲ್ಲು ಸರಿಸತೊಡಗಿದ. ಇನ್ನೊಂದು ಕಡೆ ಯೂನಾ ಕೈ ಪರಚಿಸಿಕೊಳ್ಳುತ್ತ ಪೊದೆಯೊಳಗೆ ನುಗ್ಗಿದಳು. ಹೊತ್ತು ಮುಗಿಯುತ್ತ ಬಂತು. ಅವನು ಆಸೆ ಬಿಟ್ಟ.

"ಇಲ್ಲಿದೆ."

ಅವನು ಹತ್ತಿರ ಹೋಗಿ ನೋಡಿದ. ಬಗ್ಗಿ ಕೊಂಬೆ ಎತ್ತದಿದ್ದರೆ ಯಾರಿಗೂ ಕಾಣುವ ಜಾಗವಲ್ಲ ಅದು. ಅವಳ ಮಣಿಕಟ್ಟಿನಲ್ಲಿ ರಕ್ತದ ಗೆರೆ ಮೂಡಿತ್ತು.

"ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದ.

"ಕಂಡಮೇಲೆ ಹೇಳ್ಬೇಕಲ್ಲ," ಎಂದಳು. ಮಣಿಕಟ್ಟು ಒರೆಸಿಕೊಂಡು, "ಕಂಡಾಗ್ಲೇ ಹೇಳ್ಬೇಕು," ಎಂದು ಸೇರಿಸಿದಳು.

ಇನ್ನಿಸ್ ಚೆಂಡನ್ನು ಹೇಗೋ ಹೊರಗೆ ಹಾಕಿ ಆಟ ಮುಗಿಸಿದ. ಒಂದೇ ಹೊಡೆತದ ಅಂತರದಲ್ಲಿ ಬಟ್ಟಲು ಕೈತಪ್ಪಿತ್ತು.

ಯೂನಾ ಟೊಪ್ಪಿಗೆ ತೆಗೆದು, ಕೈಗವಸು ಬಿಚ್ಚಿ, ಕೈ ಕುಲುಕಿದಳು. ಸಹಿ ಹಾಕಿದ ಕಾರ್ಡನ್ನು ಅವನ ಕೈಗಿತ್ತಳು.

"ಒಳಗೆ ಬನ್ನಿ, ಒಂದು ಸೂಪಾದ್ರೂ ತಗೊಳ್ಳಿ," ಎಂದ.

"ನಾನು ಬಂದಿದ್ದು ಆಟ ಕೆಡಬಾರ್ದು ಅಂತ. ನಿಮ್ಮ ಜೊತೆ ಕೂತ್ಕೊಳ್ಳೋಕಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅವ್ನು ಮಾಡಿದ್ದು ತಪ್ಪು ಇನ್ನಿಸ್. ನಾನು ಅಲ್ಲ ಅನ್ನಲ್ಲ. ಆದ್ರೆ ಆ ಹುಲ್ಲಲ್ಲಿ ನೀವಿಬ್ರೇ ಇದ್ರಿ. 'ಲೋ ಡೂಗಲ್, ವಾಪಸ್ ಇಡೋ' ಅಂದಿದ್ರೆ ಅವ್ನು ನಕ್ಕು ಇಡ್ತಿದ್ದ. ಒಂದು ಹೊಡೆತ ಹೋಗ್ತಿತ್ತು, ಅಷ್ಟೇ."

"ಹೇಳೋಕೆ ನಾಚಿಕೆಯಾಯ್ತು."

"ಅಲ್ಲಿ ನಾಚಿಕೆ. ಊರೆಲ್ಲ ಸೇರಿದ್ದ ಕಡೆ ಆಗ್ಲಿಲ್ಲ."

ಅವಳು ಹೊರಟುಹೋದಳು. ಒಳಗೆ ಫಾರ್ಕರ್ ಫಲಿತಾಂಶ ಓದಿದ. ಎರಡನೆಯವನ ಹೆಸರಿಗೆ ಅಲ್ಲೊಂದು ಇಲ್ಲೊಂದು ಚಪ್ಪಾಳೆ ಬಿತ್ತು. ಕಿಟಕಿ ಬದಿಯ ಮೇಜಿನಲ್ಲಿ ಅವನ ಮುಂದೆ ಬಾರ್ಲಿ ಸೂಪು ಕೆನೆಗಟ್ಟುತ್ತಿತ್ತು. ಎದುರಿನ ಕುರ್ಚಿಯನ್ನು ಯಾರೋ, "ಬೇಕಾ ಇದು?" ಎಂದು ಕೇಳಿ ಎತ್ತಿಕೊಂಡು ಹೋದರು. ಅವನು ಚಮಚ ಕೆಳಗಿಟ್ಟು ಎದ್ದ.

ಸಿಂಕ್ಲೇರರ ಮನೆಯ ಬಾಗಿಲು ತೆರೆದವನು ಡೂಗಲನೇ. ಮುಖ ಇಳಿದುಹೋಗಿತ್ತು.

"ಅಲ್ಲೇ ಹೇಳ್ಬೇಕಿತ್ತು ಕಣೋ," ಎಂದ ಇನ್ನಿಸ್. "ನಿಂಗೊಬ್ಬನಿಗೇ."

ಡೂಗಲ್ ಅವನ ಬೂಟುಗಳನ್ನು ನೋಡಿದ.

"ಹೂಂ. ಹೇಳ್ಬೇಕಿತ್ತು."

ಒಳಗೆ ಬಾ ಎನ್ನಲಿಲ್ಲ. ಬಾಗಿಲನ್ನು ಬಡಿಯಲೂ ಇಲ್ಲ, ಮೆಲ್ಲಗೆ ಹಾಕಿಕೊಂಡ. ಇನ್ನಿಸ್ ಚೀಲದ ಪಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಕಡಲ ದಂಡೆಯ ದಾರಿ ಹಿಡಿದು ಮನೆಯ ಕಡೆ ನಡೆದ.