ಗಿಡ್ಡಮ್ಮನ ಬಾಯಿಗೆ ಬಂಗಾರ

ನ್ಯಾಮತಿಯ ಆಚೆ, ಗೋವಿನಕೋವಿ ದಾರಿಯ ಚಿನ್ನದ ಗಣಿಗೆ ತಿಪ್ಪೇಶಪ್ಪ ಜಗಳೂರು ಸೀಮೆಯಿಂದ ಬಂದು ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷ ಬಂಡೆ ಕೊರೆದವನ ಹತ್ತಿರ ಒಂದು ಕಣ ಬಂಗಾರವಿರಲಿಲ್ಲ. ಸಂಜೆ ಗೇಟು ದಾಟುವ ಮುಂಚೆ ಆಳುಗಳು ತಲೆ ಬಾಚಿ, ಪಂಚೆ ಕೊಡವಿ, ಬಾಯಿ ಮುಕ್ಕಳಿಸಿ, ಮೈಗಂಟಿದ ಧೂಳನ್ನೆಲ್ಲ ಕಂಪನಿಯ ತಗಡಿನ ತೊಟ್ಟಿಗೆ ಬಿಟ್ಟು ಹೋಗಬೇಕು.

೧೯೩೮ರ ಮಾಗಿಯಲ್ಲಿ ಊರಿಂದ ಕಾಗದ ಬಂತು. ಅವ್ವ ಗಿಡ್ಡಮ್ಮ ಇಂದೋ ನಾಳೆಯೋ ಅನ್ನುವಂತಿದ್ದಾಳೆ. ಸಾಯುವವರ ಬಾಯಿಗೆ ಬಂಗಾರ ತೇಯ್ದ ನೀರು ಬಿಡಬೇಕು. ಗೌಡರ ಉಂಗುರ ನಮ್ಮ ಕೇರಿಗೆ ಇಳಿಯುವುದಿಲ್ಲ. ನೀನು ಬಂಗಾರದ ಗಣಿಯಲ್ಲೇ ಇದ್ದೀಯಲ್ಲ, ರಾಗಿಕಾಳಿನಷ್ಟು ತಾ.

“ರಾಗಿಕಾಳಿನಷ್ಟಾ?” ಕಾಗದದ ಸುದ್ದಿ ಕೇಳಿ ಗೇಟು ಕಾಯುವ ಗಾದ್ರಪ್ಪ ನಕ್ಕ. “ಅಲ್ಲೋ ಮಾರಾಯ, ನಾನು ಬಂಗಾರ ಕಾಯಾಕೆ ನಿಂತು ಹನ್ನೊಂದು ವರ್ಷ ಆತು, ಅದು ಯಾವ ಬಣ್ಣ ಐತೋ ನನಗೇ ಗೊತ್ತಿಲ್ಲ. ಮುಕ್ಕಳಿಸು, ಮುಕ್ಕಳಿಸು.”

ಮುಕ್ಕಳಿಸುವಾಗ ಕೆಮ್ಮು ಬಂತು. ಕಫ ತೊಟ್ಟಿಗೆ ಬಿತ್ತು. ಬಿಸಿಲಿಗೆ ಮಿಂಚಿತು.

ಮರುದಿನ ಗಣಿಯ ದೊರೆಯೇ ಬಂದ. ಪರೀಕ್ಷೆ ಮಾಡಿಸಿದ್ದ: ಕಂಪನಿಯ ಬಂಡೆಗಿಂತ ಈ ಆಳಿನ ಕಫದಲ್ಲೇ ಚಿನ್ನ ಹೆಚ್ಚು. ತಿಪ್ಪೇಶಪ್ಪನ ಎದೆಯ ಮೇಲೆ ಸುಣ್ಣದಲ್ಲಿ ‘ಏಳನೇ ಸುರಂಗ’ ಎಂದು ಬರೆಸಿದ. ಸುತ್ತ ತಂತಿ ಬೇಲಿ ಹಾಕಿಸಿದ.

“ನಮ್ಮವ್ವ ಸಾಯ್ತಾ ಐತ್ರಿ ಸ್ವಾಮಿ, ಎಂಟು ದಿನ ಬಿಡ್ರಿ.”

“ಸುರಂಗಕ್ಕೆ ತಾಯಿ ಇರುವುದಿಲ್ಲ,” ಎಂದ ದೊರೆ. “ಸುರಂಗ ಊರಿಗೆ ಹೋಗುವುದೂ ಇಲ್ಲ.”

ಬೆಳಗ್ಗೆ ಸಂಜೆ ಒಣಮೆಣಸಿನಕಾಯಿ ಹೊಗೆ ಹಾಕಿ ಅವನನ್ನು ಕೆಮ್ಮಿಸತೊಡಗಿದರು. ನೆಲ ಕಂಪನಿಯದು, ನೆಲದ ಧೂಳು ಕಂಪನಿಯದು, ಧೂಳು ಹೊಕ್ಕ ಎದೆಯೂ ಕಂಪನಿಯದಾಯಿತು. ನೋವು ಮಾತ್ರ ಅವನದು.

ಒಂಬತ್ತನೇ ದಿನ ಗೇಟಿನ ಮುಂದೆ ಎತ್ತಿನ ಗಾಡಿ ನಿಂತಿತು. ಮೂಳೆಯ ಕಟ್ಟಿನಂಥ ಮುದುಕಿ ಇಳಿದಳು.

“ಯಾರಜ್ಜಿ ನೀನು?” ಅಂದ ಗಾದ್ರಪ್ಪ.

“ಸಾಯೋಳಪ್ಪ. ತಿಪ್ಪೇಶನ ಅವ್ವ. ಬಂಗಾರ ಬರ್ಲಿಲ್ಲ, ಅದಕ್ಕೇ ನಾನೇ ಬಂದೆ.”

ಗಾದ್ರಪ್ಪ ಗೇಟು ತೆರೆದು ಒಳಗೆ ಬಿಟ್ಟ. ಮಗ ಬೇಲಿಯ ಒಳಗಿಂದ ಎಲ್ಲ ಹೇಳಿದ. ಗಿಡ್ಡಮ್ಮ ತಂತಿಯ ನಡುವೆ ಕೈಯೊಡ್ಡಿದಳು.

“ತಾ ಮತ್ತೆ.”

“ಅವ್ವಾ, ಅದು ಎಂಜಲು.”

“ನಿನ್ನ ಹೇಲು ಉಚ್ಚೆ ಬಳಿದೋಳಿಗೆ ಎಂಜಲ ಲೆಕ್ಕ ಹೇಳ್ತೀಯೇನಲೇ? ತಾ.”

ಅವನು ಕೆಮ್ಮಿದ. ಅವಳು ಅಂಗೈ ನೋಡಿ, ನಾಲಗೆಗೆ ತಗುಲಿಸಿಕೊಂಡಳು.

“ಇದು ಬಂಗಾರ ಅಲ್ಲೋ. ನಿನ್ನ ನೆತ್ತರು.”

“ಏಯ್! ಕಂಪನಿಯ ಸ್ವತ್ತು!” ದೊರೆ ಓಡಿಬಂದ.

ಗಿಡ್ಡಮ್ಮ ಥೂ ಎಂದು ಉಗಿದಳು. ಅದು ದೊರೆಯ ಬಲಗಾಲಿನ ಬೂಟಿನ ಮೇಲೆ ಬಿತ್ತು.

ದೊರೆ ಒರೆಸಲು ಕರವಸ್ತ್ರ ತೆಗೆದವನು ಕೈ ತಡೆದುಕೊಂಡ. ಕಂಪನಿಯ ಸ್ವತ್ತನ್ನು ಒರೆಸುವಂತಿಲ್ಲ. ಒಂಟಿಗಾಲಲ್ಲಿ ನಿಂತು ಬೂಟು ಬಿಚ್ಚಿಸಿದ. ಗಾದ್ರಪ್ಪ ಅದನ್ನು ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊತ್ತ. ಬೂಟಿಗೆ ಗಾಳಿ ಬಡಿಯದಂತೆ ಒಬ್ಬ ಕೊಡೆ ಹಿಡಿದ. ಕಾವಲಿನವರೆಲ್ಲ ಮುಂದೆ, ಕುಂಟುತ್ತ ದೊರೆ ಹಿಂದೆ, ಮೆರವಣಿಗೆ ಚಿನ್ನ ತೂಗುವ ಕೋಣೆಗೆ ಹೋಯಿತು. ಗೇಟು ತೆರೆದೇ ಇತ್ತು.

ಗಿಡ್ಡಮ್ಮ ಕೆಳಗಿನ ತಂತಿ ಎತ್ತಿದಳು. “ನುಸುಳೋ. ಗಾಡಿ ನಿಂತೈತೆ.”

“ನಿನ್ನ ಬಾಯಿಗೆ ಬಂಗಾರ, ಅವ್ವಾ?”

“ಹಾಕ್ಕಂಡಾತಲ್ಲ, ಬಾಯೆಲ್ಲ ಹೊಲಸಾತು. ನಾನು ಸಾಯಾಗ ನೀನು ಬರೇ ನೀರು ಬಿಡು.”